ದೊಡ್ಡಮ್ಮನ ಊಟದ ಹೊತ್ತು

"ಓದು ತಲೆಗೆ ಹತ್ತಲಿಲ್ಲ, ಗ್ಯಾರೇಜಿನ ಕೆಲಸ ಕೈಗೆ ಹತ್ತಲಿಲ್ಲ. ಈಗ ನೋಡಿ, ಇವನ ಮುಖ ಕಂಡು ಆನೆ ಕೂಡ ಊಟ ಬಿಟ್ಟಿದೆ!"

ಭಾವ ಇದನ್ನು ಮೊದಲು ಮನೆಮಾತಿನಲ್ಲಿ ಅಂದ. ಆಮೇಲೆ, ಉದ್ದನೆಯ ಮೇಜಿನ ಆಚೀಚೆ ಕೂತು ತಿಂಡಿ ತಿನ್ನುತ್ತಿದ್ದ ಸ್ವಯಂಸೇವಕರಿಗೆಲ್ಲ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೂ ಅಂದ. ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದ ಜನ ಒಟ್ಟಿಗೆ ನಕ್ಕರು. ಒಬ್ಬಳಂತೂ ನಗು ತಡೆಯಲಾರದೆ ಚಹಾದ ಲೋಟ ಕೆಳಗಿಟ್ಟಳು.

ಪಟಾಕಿಯ ಕಿವಿ ಕೆಂಪಾಯಿತು. ಪಟಾಕಿ ಎನ್ನುವುದೂ ಭಾವನೇ ಇಟ್ಟ ಹೆಸರು. ಬತ್ತಿಗೆ ಕಿಡಿ ತಾಗುವ ಮೊದಲೇ ಸಿಡಿಯುತ್ತಾನೆ ಎಂದು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ಜಗಳವಾಡಿ ಶಾಲೆ ಬಿಟ್ಟವನು, ಆಮೇಲೆ ಮಾಲೀಕನ ಜೊತೆ ಜಗಳವಾಡಿ ಗ್ಯಾರೇಜು ಬಿಟ್ಟವನು. "ಇಲ್ಲಿಗೆ ಕಳಿಸಮ್ಮ, ಆನೆಗಳ ಹತ್ರ ಇದ್ರೆ ತಣ್ಣಗಾಗ್ತಾನೆ" ಎಂದು ಅಕ್ಕ ಫೋನಿನಲ್ಲಿ ಅಮ್ಮನನ್ನು ಒಪ್ಪಿಸಿ, ಅವನನ್ನು ಕಡಲಾಚೆಯ ಈ ಆನೆಧಾಮಕ್ಕೆ ಕರೆಸಿಕೊಂಡಿದ್ದಳು. ಅಕ್ಕ ಇಲ್ಲಿಯ ಅಡುಗೆಮನೆ ನೋಡಿಕೊಳ್ಳುತ್ತಾಳೆ. ಭಾವ ಮೇಲ್ವಿಚಾರಕ, ಯಾರು ಹುಲ್ಲು ಹೊರಬೇಕು, ಯಾರು ಲದ್ದಿ ಬಾಚಬೇಕು ಎಂದು ಬೆಳಿಗ್ಗೆ ಕೆಲಸ ಹಂಚುವವನು.

ಭಾವನ ಮಾತು ಪೂರ್ತಿ ಸುಳ್ಳಾಗಿದ್ದರೆ ಪಟಾಕಿಗೆ ಇಷ್ಟು ಉರಿಯುತ್ತಿರಲಿಲ್ಲ. ಧಾಮದಲ್ಲಿ ಎಲ್ಲಕ್ಕಿಂತ ವಯಸ್ಸಾದ ಹೆಣ್ಣಾನೆಗೆ ಅವನೇ ದೊಡ್ಡಮ್ಮ ಎಂದು ಹೆಸರಿಟ್ಟಿದ್ದ. ಸರ್ಕಸ್ಸಿನಲ್ಲಿ ಹಣ್ಣಾಗಿ ಬಂದ ಜೀವ. ಒಂದು ಮುಂಗಾಲಿನ ಅಂಗಾಲಿನೊಳಗೆ ಕೀವು ಕಟ್ಟಿತ್ತು. ಕುಂಬಳಕಾಯಿ ಕೊರೆದು ಒಳಗೆ ಔಷಧಿ ತುಂಬಿ ಕೊಡಬೇಕು. ನೋಡಿಕೊಳ್ಳುತ್ತಿದ್ದ ಮಾವುತ ರಜೆ ಹೋದಾಗ, "ಕೊಡಿ, ನಾನು ತಿನ್ನಿಸ್ತೀನಿ" ಎಂದು ಎದೆ ಮುಂದೆ ಮಾಡಿ ನಿಂತವನು ಇವನೇ. ಅಂದಿನಿಂದ ಕುಂಬಳಕಾಯಿ ಹೋದ ಹಾಗೆ ವಾಪಸು ಬರುತ್ತಿತ್ತು.

ಡಾಕ್ಟರಮ್ಮ ತಮ್ಮ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ನಗೋದು ಸಾಕು. ಇವತ್ತು ಸಂಜೆಯೊಳಗೆ ಔಷಧಿ ಹೊಟ್ಟೆಗೆ ಹೋಗ್ಲಿಲ್ಲ ಅಂದ್ರೆ, ನಾಳೆ ಅವಳಿಗೆ ಮತ್ತಿನ ಇಂಜೆಕ್ಷನ್ ಕೊಟ್ಟು ಮಲಗಿಸಿ ಕೀವು ತೆಗೀಬೇಕಾಗುತ್ತೆ. ಈ ವಯಸ್ಸಲ್ಲಿ ಮಲಗಿದವಳು ಮತ್ತೆ ಏಳ್ತಾಳೆ ಅಂತ ನಾನು ಹೇಳಲಾರೆ."

ನಗು ನಿಂತಿತು. ಈಗ ಎಲ್ಲರೂ ಪಟಾಕಿಯನ್ನೇ ನೋಡಿದರು. ಬಾಯಲ್ಲಿದ್ದ ಬ್ರೆಡ್ಡು ಗಂಟಲಿಗಿಳಿಯದೆ ಅಲ್ಲೇ ಮುಷ್ಕರ ಹೂಡಿತು. ಅವನು ತಟ್ಟೆ ಎತ್ತಿಕೊಂಡು ದಡಕ್ಕನೆ ಎದ್ದು ಪಂಪುಮನೆಯ ಹಿಂದಕ್ಕೆ ಹೋದ.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದಳು.

"ಏನೋ ಇದು, ತಟ್ಟೆ ಹೊತ್ಕೊಂಡು ಮೆರವಣಿಗೆ?"

"ಇನ್ನೊಂದ್ಸಲ ಹಂಗೆ ಅಂದ್ರೆ ನಿನ್ನ ಗಂಡನ ಹಲ್ಲು ಎಣಿಸ್ತೀನಿ."

"ಎಣಿಸು. ರಾತ್ರಿ ಗೊರಕೆ ಹೊಡೆಯುವಾಗ ಬಾಯಿ ತೆಗೆದೇ ಇರ್ತಾರೆ, ಸುಲಭ. ಈಗ ತಿನ್ನು."

ಅವನಿಗೆ ನಗು ಬಂತು, ಆದರೂ ಮುಖ ಗಂಟು ಹಾಕಿಕೊಂಡೇ ಇದ್ದ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ತಿನ್ನೋ."

"ಹಿಂಗೆ ಎದುರಿಗೆ ನಿಂತು ನೋಡ್ತಿದ್ರೆ ಹೆಂಗೆ ತಿನ್ಲಿ? ಹೋಗಕ್ಕ."

"ಚಿಕ್ಕಂದಿನಿಂದ ನಿಂದು ಇದೇ ರಾಗ" ಎಂದು ಅವಳು ಒಳಗೆ ಹೋದಳು.

ಅವಳು ಮರೆಯಾದದ್ದೇ ತಡ, ಬ್ರೆಡ್ಡು ತಾನಾಗಿ ಒಳಗಿಳಿಯಿತು. ಎರಡನೆಯ ತುತ್ತು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ.

ಎದುರಿಗೆ ನಿಂತು ನೋಡುವುದು. ಅವನು ಮಾಡುತ್ತಿದ್ದದ್ದೂ ಅದನ್ನೇ. ಕುಂಬಳಕಾಯಿ ಮುಂದಿಟ್ಟು, ತಿನ್ನುವುದನ್ನು ಕಣ್ಣಾರೆ ನೋಡಿಯೇ ಹೋಗಬೇಕೆಂದು ಕಾದು ನಿಲ್ಲುತ್ತಿದ್ದ. ದೊಡ್ಡಮ್ಮ ಕಾಯಿ ಮುಟ್ಟದೆ ಒಂದು ಮುಂಗಾಲು ಮೇಲೆತ್ತಿ ಹಾಗೇ ನಿಲ್ಲುತ್ತಿದ್ದಳು. "ನನಗೆ ಸಲಾಂ ಹೊಡೀತಾಳೆ" ಎಂದು ಅವನು ಊರಿಗೆಲ್ಲ ಸಾರಿದ್ದ. ಖುಷಿಯಿಂದ ಸೊಂಡಿಲು ಸವರಿ, "ಭಲೇ ದೊಡ್ಡಮ್ಮ" ಎಂದು ಹೊಗಳಿ, ಮತ್ತೆ ಕಾಯುತ್ತಿದ್ದ. ಅವಳೂ ಕಾಯುತ್ತಿದ್ದಳು. ಕೊನೆಗೆ ಸಾಕಾಗಿ ಕುಂಬಳಕಾಯಿ ಎತ್ತಿಕೊಂಡು ಬರುತ್ತಿದ್ದ.

ತಟ್ಟೆ ಅಲ್ಲೇ ಬಿಟ್ಟು ಡಾಕ್ಟರಮ್ಮನ ಕೋಣೆಗೆ ಓಡಿದ. ಅವರು ಸಿಂಕಿನಲ್ಲಿ ಸಿರಿಂಜು ತೊಳೆಯುತ್ತಿದ್ದರು.

"ಡಾಕ್ಟ್ರಮ್ಮ, ಸರ್ಕಸ್ಸಲ್ಲಿ ಅವಳಿಗೆ ಊಟ ಹೆಂಗೆ ಕೊಡ್ತಿದ್ರು?"

"ಆಟ ಆಡಿಸಿ. ಕಾಲೆತ್ತಿ ನಿಲ್ಲಬೇಕು, ಎದುರಿಗಿರೋನು ಕೋಲು ಇಳಿಸಿದ ಮೇಲೇ ಬಾಯಿ ಹಾಕಬೇಕು. ಅದಕ್ಕೆ ಮೊದಲು ಬಾಯಿ ಹಾಕಿದ್ರೆ ಏಟು. ಯಾಕೆ?" ಅವರು ನಲ್ಲಿ ನಿಲ್ಲಿಸಿ ತಿರುಗಿದರು. "ನೀನು ಎದುರಿಗೆ ನಿಲ್ತಿದ್ದೀಯಾ?"

ಅವನು ಹೌದೆಂದು ತಲೆಯಾಡಿಸಿದ.

"ಇಟ್ಟು ಹೊರಟುಬಿಡಿ, ನಿಲ್ಲಬೇಡಿ ಅಂತ ಬಂದ ದಿನವೇ ಬಾಯಿ ಬಡ್ಕೊಂಡಿದ್ದೆನಲ್ಲಪ್ಪ!"

"ಅದು ಫೋಟೋ ಹೊಡೆಯೋರಿಗೆ ಹೇಳಿದ್ದು ಅಂದ್ಕೊಂಡೆ. ನನಗೆ ಅವಳು ಬೇಕಾದವಳು, ನಾನು ಅವಳಿಗೆ..."

ಡಾಕ್ಟರಮ್ಮ ಬೈಯಲಿಲ್ಲ. ಕೈ ಒರೆಸಿಕೊಂಡು ಹೇಳಿದರು: "ಈಗ ಹೋಗು. ಇಟ್ಟು ತಿರುಗು. ಕಾಲೆತ್ತಿದರೂ ನೋಡಬೇಡ, ಘೀಳಿಟ್ಟರೂ ಓಗೊಡಬೇಡ. ಗೇಟು ದಾಟೋವರೆಗೂ ನಿಲ್ಲಬೇಡ. ನೀನು ನಿಂತೆ ಅಂದ್ರೆ ಅವಳ ಪಾಲಿಗೆ ಮತ್ತೆ ಆಟ ಶುರುವಾಯ್ತು ಅಂತ ಅರ್ಥ. ತಿಂದಳೋ ಇಲ್ಲವೋ ಅನ್ನೋದನ್ನ ನಾನು ಅಟ್ಟಣೆಯಿಂದ ನೋಡ್ಕೋತೀನಿ."

ದೊಡ್ಡಮ್ಮ ಮರದ ನೆರಳಿನಲ್ಲಿ ಕಿವಿ ಬೀಸುತ್ತ ನಿಂತಿದ್ದಳು. ಪಟಾಕಿ ಬಕೆಟ್ಟಿನಿಂದ ಕುಂಬಳಕಾಯಿ ತೆಗೆದು ಅವಳ ಮುಂದಿಟ್ಟ. ಅವಳು ಮೆಲ್ಲಗೆ, ಎಂದಿನ ಹಾಗೆ, ನೋವಿಲ್ಲದ ಮುಂಗಾಲು ಎತ್ತಿದಳು. ಮೈಭಾರವೆಲ್ಲ ನೋಯುವ ಕಾಲಿನ ಮೇಲೆ ಬಿದ್ದು ಮೊಣಕಾಲು ಸಣ್ಣಗೆ ನಡುಗುವುದು ಅವನಿಗೆ ಇವತ್ತು ಕಂಡಿತು. ತಪ್ಪಾಯ್ತು ದೊಡ್ಡಮ್ಮ ಎಂದು ಹೇಳಬೇಕೆನಿಸಿತು. ಅದನ್ನೂ ಹೇಳದೆ ಬೆನ್ನು ತಿರುಗಿಸಿ ನಡೆದ.

ಗೇಟಿನವರೆಗೆ ಬೇಲಿಯ ಪಕ್ಕದಲ್ಲೇ ದಾರಿ. ಬೇಲಿಯಾಚೆ ಭಾವ ಬೆಳಗಿನ ಅದೇ ಗುಂಪನ್ನು ಕಟ್ಟಿಕೊಂಡು ಟ್ರ್ಯಾಕ್ಟರಿನಿಂದ ಹುಲ್ಲು ಇಳಿಸುತ್ತಿದ್ದ.

"ಏನೋ ಪಟಾಕಿ, ಇಟ್ಟ ಕೂಡ್ಲೇ ಕಾಲಿಗೆ ಬುದ್ಧಿ ಹೇಳ್ತಿದ್ದೀಯಾ? ಶಾಲೆ ಆಯ್ತು, ಗ್ಯಾರೇಜ್ ಆಯ್ತು, ಇದನ್ನೂ ಅರ್ಧಕ್ಕೇ ಬಿಟ್ಯಾ?"

ಉತ್ತರ ನಾಲಿಗೆಯ ತುದಿಗೆ ಬಂತು. ಒಳ್ಳೆಯ ಉತ್ತರ, ಭಾವನ ಗೊರಕೆಯನ್ನೂ ಸೇರಿಸಿ, ಎರಡೂ ಭಾಷೆಯಲ್ಲಿ ಹೇಳುವಂಥದ್ದು. ಒಂದು ಗಳಿಗೆ ನಿಂತರೆ ಸಾಕಿತ್ತು. ಬೆರಳುಗಳು ಬಕೆಟ್ಟಿನ ಹಿಡಿಕೆಯನ್ನು ಹಿಂಡಿದವು. ಕಾಲು ಮಾತ್ರ ನಡೆಯುತ್ತಲೇ ಇತ್ತು.

ಬೆನ್ನ ಹಿಂದೆ ಭಾರವಾದ ಹೆಜ್ಜೆಯೊಂದು ಮಣ್ಣಿಗೆ ಇಳಿದ ಸದ್ದಾಯಿತು. ಎತ್ತಿದ ಕಾಲು ಕೆಳಗೆ ಬಂದಿತ್ತು.

"ಲೇ, ನಿನಗೇ ಹೇಳ್ತಿರೋದು! ಕಿವಿ ಕೇಳ್ಸಲ್ವಾ?"

ಹಿಂದೆ ಕುಂಬಳಕಾಯಿ ಫಳ್ಳನೆ ಒಡೆಯಿತು. ಆಮೇಲೆ ಅಗಿಯುವ ಸದ್ದು, ನಿಧಾನವಾಗಿ, ಯಾರ ಹಂಗೂ ಇಲ್ಲದೆ.

ತಿರುಗಿ ನೋಡಬೇಕೆಂದು ಕುತ್ತಿಗೆ ಎಳೆಯುತ್ತಿತ್ತು. ಭಾವ ಇನ್ನೂ ಏನೋ ಕೂಗುತ್ತಿದ್ದ. ಪಟಾಕಿ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, ಇಬ್ಬರಿಗೂ ಬೆನ್ನು ಮಾಡಿ, ಗೇಟಿನ ಕಡೆಗೆ ನಡೆದುಹೋದ.