ದೊಡ್ಡ ಸಾಹೇಬರ ಒಣ ಕೋಣೆ

ಎರಡು ತಿಂಗಳಲ್ಲಿ ಮೂರನೇ ಸಲ ಆ ಯಂತ್ರ ಕೆಟ್ಟು ಕೂತಿತ್ತು. ಹಸುಗೂಸಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಯಂತ್ರ. ಇಡೀ ಆಸ್ಪತ್ರೆಗೆ ಇರುವುದು ಅದೊಂದೇ. ಆಸ್ಪತ್ರೆಯ ಯಂತ್ರಗಳನ್ನೆಲ್ಲ ಸರಿಮಾಡುವ, ಎಲ್ಲರ ಬಾಯಲ್ಲಿ 'ರಿಪೇರಿ ಅಕ್ಕ' ಆಗಿದ್ದವಳು ಮುಚ್ಚಳ ಬಿಚ್ಚಿದಳು. ಸರ್ಕ್ಯೂಟ್ ಬೋರ್ಡಿನ ಮೇಲೆ ಮತ್ತದೇ ಹಸಿರು ಕಿಲುಬು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು? ಹಿಂದಿನ ಎರಡು ಸಲವೂ ಅವಳು ಮೆತ್ತನೆಯ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕಿಲುಬು ಉಜ್ಜಿ ತೆಗೆದಿದ್ದಳು, ದಿನವಿಡೀ ಒಣಗಿಸಿದ್ದಳು, ತೇವ ತಾಗದಂತೆ ವಾರ್ನಿಷ್ ಬಳಿದಿದ್ದಳು. ವೈರು ಸಿಕ್ಕಿಸುವ ಕನೆಕ್ಟರುಗಳ ಬಾಯಿಗೆ ಮಾತ್ರ ಅದನ್ನು ಬಳಿಯುವಂತಿಲ್ಲ. ತೇವ ಅಲ್ಲಿಂದಲೇ ನುಗ್ಗುತ್ತಿತ್ತು. ಪರೀಕ್ಷೆಯ ಕೋಣೆಯ ಗೋಡೆಯಾಚೆಯೇ ಬಟ್ಟೆ ಒಗೆಯುವ ಕೋಣೆ, ಬೆಳಗಿನಿಂದ ಸಂಜೆವರೆಗೆ ಹಬೆ. ಅದಕ್ಕೆಂದೇ ಅವಳು ಯಂತ್ರ ಬಂದ ಹೊಸತರಲ್ಲೇ ಹಟ ಹಿಡಿದು, ಗಾಳಿಯ ತೇವ ಹೀರುವ ಪೆಟ್ಟಿಗೆಯೊಂದನ್ನು ತರಿಸಿ ಅಲ್ಲಿಟ್ಟಿದ್ದಳು. ಎರಡು ತಿಂಗಳ ಹಿಂದೆ ಅದು ಮಾಯವಾಗಿತ್ತು; ಯಂತ್ರ ಕೆಡತೊಡಗಿದ್ದೇ ಆಮೇಲೆ. ಕೇಳಿದರೆ ಎಲ್ಲರದೂ ಒಂದೇ ರಾಗ: "ಸರ್ವೀಸಿಗೆ ಹೋಗಿದೆಯಂತೆ."

ಅಷ್ಟರಲ್ಲಿ ಆಸ್ಪತ್ರೆಯ ಮುಖ್ಯಸ್ಥರಿಂದ, ಅಂದರೆ ದೊಡ್ಡ ಸಾಹೇಬರಿಂದ ಕರೆ ಬಂತು. ಹೋದವಳಿಗೆ ಕೂರಿ ಎಂದೂ ಹೇಳದೆ ನೋಟೀಸನ್ನು ಮುಂದೆ ತಳ್ಳಿದರು. ಯಂತ್ರವನ್ನು ಸದಾ ಒಣ ಜಾಗದಲ್ಲೇ ಇಡತಕ್ಕದ್ದು. ಇನ್ನೊಮ್ಮೆ ಕೆಟ್ಟರೆ ತಮ್ಮನ್ನು ಕೆಲಸದಿಂದ ತೆಗೆಯಲಾಗುವುದು. ಕೆಳಗೆ ಅವರದೇ ಸಹಿ.

"ಒಂದು ಮಿಷಿನ್ ನೆಟ್ಟಗೆ ಇಟ್ಕೊಳ್ಳೋಕೆ ಬರಲ್ವೇನ್ರೀ ನಿಮಗೆ?"

ಅವರು ಕೂಗಾಡುತ್ತಿರುವಾಗಲೇ ಅವಳಿಗೆ ಗುರುತಿನ ಗುಂಯ್ ಸದ್ದು ಕೇಳಿಸಿತು. ತಿರುಗಿ ನೋಡಿದರೆ, ಚರ್ಮದ ಸೋಫಾದ ಪಕ್ಕದಲ್ಲಿ ಅವಳ ಪೆಟ್ಟಿಗೆ! 'ಇಲ್ಲಿಂದ ಕದಲಿಸಬೇಡಿ' ಎಂದು ಅವಳೇ ಬರೆದು ಅಂಟಿಸಿದ್ದ ಚೀಟಿಯೂ ಹಾಗೇ ಇತ್ತು.

"ಸಾರ್, ಇದು..."

"ಸೋಫಾಗೆ ಬೂಷ್ಟು ಬರ್ತಿತ್ತು. ಅದು ಇಲ್ಲೇ ಇರುತ್ತೆ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಸೋಫಾಕ್ಕೆ ಇರುವ ಮರ್ಯಾದೆ ಹಸುಗೂಸಿನ ಕಿವಿಗಿಲ್ಲ! "ಆಯ್ತು ಸಾರ್" ಎಂದಷ್ಟೇ ಹೇಳಿ, ನೋಟೀಸನ್ನು ಮಡಚಿ ಜೇಬಿಗಿಟ್ಟಳು.

ಎರಡು ದಿನ ಕೂತು ಬೋರ್ಡನ್ನು ಮತ್ತೆ ಸರಿಮಾಡಿದಳು. ಮೂರನೆಯ ದಿನ ಬೆಳಿಗ್ಗೆ ಯಂತ್ರವನ್ನು ಟ್ರಾಲಿಯ ಮೇಲಿಟ್ಟು ಸೀದಾ ದೊಡ್ಡ ಸಾಹೇಬರ ಕೋಣೆಗೇ ತಳ್ಳಿಕೊಂಡು ಬಂದಳು. ಹಿಂದೆ ಕೂಸುಗಳನ್ನೆತ್ತಿಕೊಂಡ ಹನ್ನೊಂದು ಮಂದಿ ತಾಯಂದಿರು. ಮೊದಲನೆಯವಳನ್ನು ಸೋಫಾದ ಮೇಲೆ ಕೂರಿಸಿದಳು.

"ಏನ್ರೀ ಇದು?"

"ಒಣ ಜಾಗದಲ್ಲಿಡಿ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ ಸಾರ್. ಇಡೀ ಆಸ್ಪತ್ರೇಲಿ ಒಣಗಿರೋದು ಇದೊಂದೇ ಕೋಣೆ."

ಸಾಹೇಬರು ಗುಡುಗಲು ಬಾಯಿ ತೆರೆದರು. ಅವಳು ಬಗ್ಗಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಗುಂಯ್ ನಿಂತಿತು. ಉಳಿದದ್ದು ಸಾಹೇಬರ ಸದ್ದೊಂದೇ.

"ಪರೀಕ್ಷೆ ಮಾಡೋವಾಗ ಸದ್ದಾಗಬಾರ್ದು ಸಾರ್. ಹೊರಗಡೆ ಬೆಂಚಿದೆ."

ಹನ್ನೊಂದು ಜನ ತಾಯಂದಿರು ಅವರನ್ನೇ ನೋಡುತ್ತಿದ್ದರು. ಸಾಹೇಬರು ಎದ್ದು ಹೊರಗೆ ಹೋದರು. ಐದನೇ ಕೂಸು ಸೋಫಾವನ್ನು ಒದ್ದೆ ಮಾಡುವ ಹೊತ್ತಿಗೆ ಬಾಗಿಲಲ್ಲಿ ಇಣುಕಿ, ದನಿ ತಗ್ಗಿಸಿ ಹೇಳಿದರು:

"ಆ ಪೆಟ್ಟಿಗೇನ ಮೊದಲಿದ್ದ ಜಾಗಕ್ಕೇ ತಗೊಂಡು ಹೋಗಿ, ತಾಯಿ."

ರಿಪೇರಿ ಅಕ್ಕ ಜೇಬಿನಿಂದ ನೋಟೀಸು ತೆಗೆದು ಅವರ ಕೈಗಿಟ್ಟಳು.

"ಇದರ ಹಿಂದೇನೇ ಬರೆದುಕೊಡಿ ಸಾರ್. ಸಹಿ ಸಮೇತ."