ಎರಡು ಪದರದ ಬಟ್ಟೆ

"ಇದು ನೀರ ಐತ್ರಿ ಅಕ್ಕಾರ, ಇದರಾಗ ಅನುಮಾನ ಇಲ್ಲ," ಎಂದು ಪಂಪು ರಿಪೇರಿ ಮಾಡುವ ಬಂಡೆಪ್ಪ ಬಾಟಲಿಯನ್ನು ತನ್ನ ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದ.

ಕಾಂತಾಬಾಯಿ ಸ್ಟೂಲಿನಿಂದ ಎದ್ದು ಬಂದು ಬಾಟಲಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು. ಮೇಲೆ ಹಳದಿ ಡೀಸೆಲ್, ಕೆಳಗೆ ಎರಡು ಬೆರಳಿನಷ್ಟು ನೀರು. ಖಾನಾಪುರದಲ್ಲಿರುವ ತನ್ನ ಅವಲಕ್ಕಿ ಗಿರಣಿಯ ಜನರೇಟರಿನ ಟಾಕಿಯ ತಳದಿಂದ ಅವಳೇ ಅದನ್ನು ತುಂಬಿಸಿಕೊಂಡು, ಕಂಡಕ್ಟರನ ಕಣ್ಣಿಗೆ ಬೀಳದಂತೆ ಚೀಲದ ಅಡಿಗಿಟ್ಟು, ಬಸ್ಸಿನಲ್ಲಿ ಬೆಳಗಾವಿಗೆ ತಂದಿದ್ದಳು. ಅದೇ ಜನರೇಟರಿನ ಪಂಪು ಬಂಡೆಪ್ಪನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಒಳಗೆಲ್ಲ ಕೆಂಪಗೆ ತುಕ್ಕು ಹಿಡಿದಿತ್ತು.

"ನಡುವ ಇದೇನ್ರಿ, ಹಾಲಿನ ಕೆನಿ ಕಟ್ಟಿದಂಗ?"

"ಅದು ಜೀವ ಐತ್ರಿ."

"ಏನಂದ್ರಿ?"

"ಹುಳಾ ಅನ್ರಿ, ಬೂಷ್ಟ ಅನ್ರಿ. ಒಂದೊಂದ ಇದ್ರ ಕಣ್ಣಿಗೆ ಕಾಣೂದಿಲ್ಲ, ಗುಂಪು ಕಟ್ಟಿದ್ರ ಹಿಂಗ ಕಾಣತಾವ. ನೀರಾಗ ಇರ್ತಾವ, ಡೀಸೆಲ್ ತಿಂತಾವ. ನೀರಿಲ್ಲದ ಡೀಸೆಲ್‌ನ್ಯಾಗ ಇವು ಬೆಳೆಯಂಗಿಲ್ಲ."

ಕಾಂತಾಬಾಯಿಯದು ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನ ಮನೆತನ. ನೆಲದೊಳಗೆ ಬೆಳೆಯುವ ಗಡ್ಡೆಯಲ್ಲಿ ಜೀವವಿದೆ, ಬಾವಿಯ ನೀರಿನಲ್ಲಿ ಜೀವವಿದೆ ಎಂದು ಕೇಳಿಯೇ ಬೆಳೆದವಳು. ಡೀಸೆಲ್‌ನಲ್ಲೂ ಇದೆ ಎಂದು ಮಾತ್ರ ಯಾವ ಮುನಿಗಳ ಪ್ರವಚನದಲ್ಲೂ ಕೇಳಿರಲಿಲ್ಲ. ಅವಳು ಬಾಟಲಿಯನ್ನು ಇಸಿದುಕೊಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ನೋಡಿದಳು. ಕೆನೆಯೂ ಅತ್ತಿತ್ತ ವಾಲಿತು.

ಹಾಲು ಒಡೆದರೆ ಚೆಲ್ಲಿ ಸುಮ್ಮನಾಗುವವಳಲ್ಲ ಕಾಂತಾಬಾಯಿ. ಯಾಕೆ ಒಡೆಯಿತು ಎಂದು ಪಾತ್ರೆ ಮೂಸಿ, ಗೌಳಿಯನ್ನು ಕರೆಸಿ, ಅವನ ಎಮ್ಮೆ ಏನು ತಿಂದಿತೆಂದು ವಿಚಾರಿಸುವವಳು. ಬೆಳಗಾವಿಯ ರವಿವಾರ ಪೇಟೆಯ ಅಂಗಡಿಯಲ್ಲಿ ಕೂತು ಅವಲಕ್ಕಿ ಮಾರುವ ಗಂಡ ಆದಿನಾಥ, "ಹಳೇ ಪಂಪ ಹೋತು, ಹೊಸಾದು ಹಾಕ್ಸು," ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಅವನಿಗೆ ಅಷ್ಟು ಸಾಕಿತ್ತು. ಅವಳಿಗೆ ಸಾಲದು, ಯಾಕೆಂದರೆ ಎಂಟು ದಿನದ ಹಿಂದೆ ಅವಳು ಒಂದು ಮಾತು ಆಡಿಬಿಟ್ಟಿದ್ದಳು.

ಅಂದು ಕರೆಂಟು ಹೋಗಿ, ಜನರೇಟರು ಮೂರನೇ ಸಲ ಕೆಮ್ಮಿ ಕೆಮ್ಮಿ ನಿಂತಿತ್ತು. ಹುರಿದ ಭತ್ತ ಯಂತ್ರದ ಬಾಯಲ್ಲೇ ತಣ್ಣಗಾಗಿ ಹಾಳಾಯಿತು. ಫಿಲ್ಟರ್ ಬಿಚ್ಚಿದರೆ ನೀರು. ಬಂಕಿನಿಂದ ಡಬ್ಬಿಯಲ್ಲಿ ಡೀಸೆಲ್ ತರುವವನು, ಜನರೇಟರು ಶುರು ಮಾಡುವವನು, ಹದಿನಾಲ್ಕು ವರ್ಷದಿಂದ ಗಿರಣಿಯಲ್ಲಿರುವ ಸತ್ಯಪ್ಪ. ಕಾಂತಾಬಾಯಿ ನಾಲ್ವರು ಕೆಲಸದ ಹೆಂಗಸರ ಎದುರೇ ಕೇಳಿದ್ದಳು: "ದಾರ್‍ಯಾಗ ಡಬ್ಬಿ ಎಲ್ಲೆಲ್ಲಿ ಇಳಸ್ತಿ ಸತ್ಯಪ್ಪಾ? ಡೀಸೆಲ್ ಕಡಿಮಿ ಆಗಿ ನೀರ ಹೆಂಗ ಹೆಚ್ಚಾತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿಯಲ್ಲ ಸತ್ಯಪ್ಪ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಜನರೇಟರ್ ಕೋಣೆಯ ಕೀಲಿಯನ್ನು ಕಿಟಕಿಯಲ್ಲಿಟ್ಟು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ತನ್ನೂರು ಗುಂಜಿಯ ದಾರಿ ಹಿಡಿದ. ಅಂದಿನಿಂದ ಕಾಂತಾಬಾಯಿಗೆ ಊಟ ರುಚಿಸಿರಲಿಲ್ಲ. ಅವನು ಕಳ್ಳನೇ ಆಗಿದ್ದರೆ ಹದಿನಾಲ್ಕು ವರ್ಷ ತಾನು ಕುರುಡಿಯಾಗಿದ್ದೆ ಎಂದಾಯಿತು. ಅಲ್ಲದಿದ್ದರೆ ತಾನು ಆಡಿದ್ದು ಆಡಬಾರದ ಮಾತು. ಎರಡರಲ್ಲಿ ಯಾವುದು ಎಂಬುದು ಅವಳಿಗೆ ಗೊತ್ತಾಗಲೇಬೇಕಿತ್ತು.

ಬಂಡೆಪ್ಪ ಡಾಕ್ಟರನ ಹಾಗೆ ಒಂದೊಂದೇ ಕೇಳುತ್ತ ಹೋದ.

"ಬಂಕ್ ಹೆಂಗ?"

"ಚಲೋ ಐತ್ರಿ. ಊರಾಗಿನ ಟ್ರ್ಯಾಕ್ಟರ್ ಎಲ್ಲಾ ಅಲ್ಲೇ ಹಾಕ್ಸ್ಕೋತಾವ. ಒಂದೂ ನಿಂತಿಲ್ಲ."

"ಟಾಕಿ ಅರ್ಧಾ ಖಾಲಿ ಬಿಡ್ತೀರೇನು? ನಿಮ್ಮ ಕಡೆ ಮಳಿ, ಥಂಡಿ ಜಾಸ್ತಿ. ಖಾಲಿ ಟಾಕಿ ಒಳಗ ಬೆವರತೈತಿ, ಆ ಬೆವರ ಹನಿಯಾಗಿ ತಳಕ್ಕ ಕುಂದರತೈತಿ."

"ಹಂಗೂ ಆಗತೈತೇನ್ರಿ?" ಕಾಂತಾಬಾಯಿ ಅರೆಕ್ಷಣ ಸತ್ಯಪ್ಪನನ್ನೂ ಮರೆತು ಕಣ್ಣರಳಿಸಿದಳು. "ಆದ್ರ ನಾ ಸಂಜಿಗೆ ತುಂಬಿಸೇ ಇಡ್ತೀನಿ. ಮುಚ್ಚಳ ಗಟ್ಟಿ ಐತಿ. ಮ್ಯಾಲೆ ತಗಡಿನ ಪತ್ರಾ ಐತಿ."

"ಯಾವಾಗಿಂದ ಶುರುವಾತು?"

"ಮಳಿಗಾಲ ಹಿಡದ ಮ್ಯಾಲೆ. ಜೂನ್‌ದಾಗ ಡಬ್ಬಿಯೊಳಗ ತುಕ್ಕಿನ ಚೂರು ಬಂದಿದ್ವು. ಆಗಿಂದ ಮಂದಿನ್ನ ನಂಬೂದ ಬ್ಯಾಡಂತ ನಾನ ಖುದ್ದು ಸೋಸಿ ಹಾಕಾಕತ್ತೀನಿ."

"ಯಾವದರಲೆ?"

"ಅರಬಿಲೆ. ಎರಡ ಪದರ ಮಾಡಿ," ಎಂದಳು ಕಾಂತಾಬಾಯಿ, ಸ್ವಲ್ಪ ಹೆಮ್ಮೆಯಿಂದಲೇ.

ಬಂಡೆಪ್ಪ ಗಲ್ಲ ತುರಿಸಿಕೊಂಡ. ಮೂಲೆಯಿಂದ ಅರ್ಧ ಡಬ್ಬಿ ಶುದ್ಧ ಡೀಸೆಲ್, ಒಂದು ಅಗಲ ಬಾಯಿಯ ಗಾಜಿನ ಭರಣಿ, ಆಲಿಕೆ ತಂದು ಎದುರಿಗಿಟ್ಟ. "ಹೆಂಗ ಸೋಸ್ತೀರಿ, ಒಮ್ಮೆ ಮಾಡಿ ತೋರಸ್ರಿ," ಎಂದ.

ಪರವೂರಿಗೆ ಹೊರಟರೆ ಕಾಂತಾಬಾಯಿಯ ಚೀಲದಲ್ಲಿ ಒಂದು ಲೋಟ, ನೀರು ಸೋಸಲು ಬಿಳಿ ಬಟ್ಟೆ ಇದ್ದೇ ಇರುತ್ತಿದ್ದವು. ಬಟ್ಟೆ ತೆಗೆದು ಎರಡು ಪದರ ಮಡಚಿದಳು. ಅತ್ತ ಇತ್ತ ನೋಡಿ, ಕೈ ತೊಳೆಯಲು ಇಟ್ಟಿದ್ದ ಬಕೆಟ್ಟಿನಲ್ಲಿ ಅದನ್ನು ಅದ್ದಿ, ಹಿಂಡಿ, ಕೊಡವಿ, ಆಲಿಕೆಯ ಮೇಲೆ ಹಾಸಿದಳು. ಮದುವೆಯಾಗಿ ಬಂದ ಮರುದಿನವೇ ಅತ್ತೆ ಕಲಿಸಿದ್ದ ಪಾಠ ಅದು: ಒಣ ಬಟ್ಟೆಯಲ್ಲಿ ಏನನ್ನೂ ಸೋಸಬಾರದು, ತೊಯಿಸಿಯೇ ಸೋಸಬೇಕು. ಮೂವತ್ತೆರಡು ವರ್ಷ ದಿನಾ ಬೆಳಿಗ್ಗೆ ಮನೆಯ ನೀರನ್ನು ಹಾಗೆಯೇ ಸೋಸಿದ ಕೈಗಳು ಅವು.

"ಹಾಕ್ರಿ," ಎಂದು ತಲೆ ಎತ್ತಿದಳು.

ಬಂಡೆಪ್ಪ ಡೀಸೆಲ್ ಸುರಿದ. ಇಬ್ಬರೂ ಬಗ್ಗಿ ಭರಣಿಯ ತಳವನ್ನೇ ನೋಡುತ್ತ ಕೂತರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಸಾಸಿವೆಕಾಳಿನಷ್ಟು ಒಂದು ಹನಿ ಗಾಜಿನ ತಳಕ್ಕೆ ಬಂದು ಕೂತಿತು. ಅದರ ಬಾಜು ಇನ್ನೊಂದು. ಮತ್ತೆ ಮೂರು ನಾಲ್ಕು ಇಳಿದು ಬಂದು ಒಂದಕ್ಕೊಂದು ಕೂಡಿಕೊಂಡವು.

"ದಿನಾ ಎಷ್ಟ ಸಲ ಸೋಸ್ತೀರಿ?" ಬಂಡೆಪ್ಪ ಮೆಲ್ಲಗೆ ಕೇಳಿದ.

"ಕರೆಂಟ್ ಹೋದ ದಿನಾ ನಾಕ ಸಲ. ಐದ ಸಲ."

ಎಂಜಿನ್ ಕೆಡಿಸಿದ್ದಕ್ಕಾಗಲಿ, ಆ ಕೆನೆಯೊಳಗಿನ ಲೆಕ್ಕವಿಲ್ಲದ ಜೀವಗಳನ್ನು ತಾನೇ ನೀರೆರೆದು ಸಾಕಿದ್ದಕ್ಕಾಗಲಿ ಅವಳಿಗೆ ಆ ಹೊತ್ತಿಗೆ ಅಷ್ಟು ದುಃಖವಾಗಲಿಲ್ಲ. ಟವೆಲ್ ಕೊಡವಿ ನಡೆದ ಸತ್ಯಪ್ಪನ ಬೆನ್ನು ಕಣ್ಣಿಗೆ ಬಂದು ನಾಚಿಕೆಯಿಂದ ಮೈ ಬಿಸಿಯಾಯಿತು. ಪಂಪು ರಿಪೇರಿಗೆ ಎಷ್ಟು ದಿನ ಬೇಕೆಂದು ಕೂಡ ಕೇಳದೆ ಬಸ್ ಸ್ಟ್ಯಾಂಡಿಗೆ ಆಟೋ ಹತ್ತಿದಳು.

ಖಾನಾಪುರದಲ್ಲಿ ಇಳಿದು ಮನೆಗೆ ಹೋಗಲಿಲ್ಲ. ನೇರ ಗುಂಜಿಗೆ ಹೋದಳು. ಸತ್ಯಪ್ಪ ಅಂಗಳದಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಅವನ ಹೆಂಡತಿ ಮಾಲಾ ಚಾಪೆ ಹಾಸಿ, ಕುಂದರ್ರಿ ಎಂದಷ್ಟೇ ಹೇಳಿ ಒಳಗೆ ಹೋದಳು. ಎಂದಿನಂತೆ ನಿಂತು ಮಾತಾಡಿಸಲಿಲ್ಲ.

ಪರ್ಯೂಷಣ ಪರ್ವ ಮುಗಿದ ಮೇಲೆ ಕಾಂತಾಬಾಯಿ ವರ್ಷವರ್ಷವೂ ಬಸದಿಯಲ್ಲಿ ಕಂಡಕಂಡವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಿದ್ದಳು. ಅದು ನಾಲಿಗೆಗೆ ರೂಢಿ. ಇಲ್ಲಿ ಒಬ್ಬನೇ ಒಬ್ಬನಿಗೆ, ಇಂಥದ್ದೇ ತಪ್ಪು ಎಂದು ಹೆಸರಿಟ್ಟು ಹೇಳುವಾಗ ಆ ರೂಢಿ ನೆರವಿಗೆ ಬರಲಿಲ್ಲ. ಹೇಗೋ ಹೇಳಿ ಮುಗಿಸಿದಳು.

ಸತ್ಯಪ್ಪ ಹುಲ್ಲಿನ ಕೈ ಒರೆಸಿಕೊಂಡ. "ನೀವು ಅರಬಿ ತೊಯ್ಸೂದು ನಾ ದಿನಾ ನೋಡತಿದ್ನಿರಿ ವೈನ್ಯಾರ."

"ನೋಡಿ ಸುಮ್ಮನಿದ್ದಿ?"

"ನಿಮ್ಮ ಧರ್ಮದ್ದೇನೋ ಐತಿ ಅಂತ ತಿಳಕೊಂಡಿನ್ರಿ. ನಿಮ್ಮ ಮಡಿಗೆ ನಾ ಹೆಂಗ ಹೆಸರ ಇಡಲಿ?"

"ಅವತ್ತರ ಹೇಳಬೇಕಿಲ್ಲೋ, ನಾ ಕೇಳಿದಾಗ?"

"ಅವತ್ತ ನೀವು ಕೇಳಿದ್ದು ಡಬ್ಬಿ ಎಲ್ಲಿ ಇಳಸ್ತಿ ಅಂತ," ಎಂದ ಸತ್ಯಪ್ಪ. ಸಿಟ್ಟಿನಿಂದಲ್ಲ, ಬಹಳ ದಣಿದವನಂತೆ. ಉಳಿದ ಹುಲ್ಲನ್ನು ಎಮ್ಮೆಯ ಮುಂದೆ ಸರಿಸಿ ಮತ್ತೆ ಹೇಳಿದ: "ಮನಿ ತನಕಾ ಬಂದ್ರಿ, ದೊಡ್ಡ ಮಾತು. ಆದ್ರ ಅವತ್ತ ಕೇಳಿದವರು ನಾಕ ಮಂದಿ ಅದಾರ್ರಿ. ಇಬ್ಬರು ನಮ್ಮ ಊರಿನವರ. ಇಲ್ಲಿ ಟ್ರ್ಯಾಕ್ಟರಿನವರು ಈಗ ಡೀಸೆಲ್ ತರಾಕ ನನ್ನ ಕೈಯಾಗ ಡಬ್ಬಿ ಕೊಡೂದು ಬಿಟ್ಟಾರ."

ಕಾಂತಾಬಾಯಿಗೆ ಇದು ಹೊಳೆದೇ ಇರಲಿಲ್ಲ. "ನಾಳೆ ಮುಂಜಾನೆ ಬಾ," ಎಂದು ಎದ್ದಳು.

ಮರುದಿನ ಗಿರಣಿಯಲ್ಲಿ ಕರೆಂಟಿತ್ತು. ಹುರಿಯುವ ಡ್ರಮ್ಮು, ತಟ್ಟುವ ಯಂತ್ರ ಎರಡೂ ಭರದಿಂದ ಓಡುತ್ತಿದ್ದವು. ಹೆಂಗಸರು ಜರಡಿ ಹಿಡಿದು ಕೂತಿದ್ದರು. ಸತ್ಯಪ್ಪ ಬಂದು ಹೊಸ್ತಿಲಾಚೆ ನಿಂತ. ಒಳಗೆ ಚಪ್ಪಲಿ ತರುವಂತಿಲ್ಲ. ಅವನು ಒಂದನ್ನು ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು.

ಕಾಂತಾಬಾಯಿ ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದಳು. ಯಂತ್ರಗಳು ಗುನುಗುತ್ತ ನಿಂತವು. ಹೆಂಗಸರು ಜರಡಿ ಇಳಿಸಿ ಗಾಬರಿಯಿಂದ ಅವಳತ್ತ ನೋಡಿದರು.

"ಡೀಸೆಲ್‌ನ್ಯಾಗ ನೀರ ಹಾಕಿದಾಕಿ ನಾನು," ಎಂದಳು. "ತೊಯ್ಸಿದ ಅರಬಿಲೆ ಸೋಸಿ ಸೋಸಿ ನಾನ ಹಾಕೀನಿ. ಸತ್ಯಪ್ಪ ಒಂದು ಹನಿ ಮುಟ್ಟಿಲ್ಲ. ನಿಮ್ಮೆಲ್ಲಾರ ಮುಂದ ಅವನ ಮ್ಯಾಲೆ ನಾ ಹೊರಿಸಿದ್ದು ಸುಳ್ಳು."

ಎಲ್ಲರಿಗಿಂತ ಹಿರಿಯಳಾದ ಗುಂಜಿಯ ಸಾವಂತ್ರವ್ವ ಸೆರಗಿನಿಂದ ಕಿವಿಯ ಮೇಲಿನ ಹೊಟ್ಟು ಒರೆಸಿಕೊಂಡಳು.

"ಇನ್ನೊಮ್ಮೆ ಹೇಳ್ರಿ ವೈನಿ," ಎಂದಳು. "ನಾ ಊರಾಗ ಹೋಗಿ ಹೇಳೂದೈತಿ. ಹೆಚ್ಚು ಕಡಿಮಿ ಆಗಬಾರದು."

ಕಾಂತಾಬಾಯಿ ಮೊದಲಿನಿಂದ, ಒಂದು ಶಬ್ದವನ್ನೂ ಬಿಡದೆ, ಇನ್ನೊಮ್ಮೆ ಹೇಳಿದಳು. ಬಾಗಿಲಲ್ಲಿ ಸತ್ಯಪ್ಪ ಬಗ್ಗಿ ಎರಡನೇ ಚಪ್ಪಲಿ ಬಿಟ್ಟು, ಎರಡನ್ನೂ ಜೋಡಿಸಿ ಗೋಡೆಗೆ ಸರಿಸಿ, ಒಳಗೆ ಬಂದ.