ಚಾಪೆ ನೀವೇ ತನ್ನಿ

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಪತ್ರಿಕೆಯ ಕಚೇರಿಯ ಫೋನು ಹೊಡೆದುಕೊಂಡಿತು. ಆ ಕಡೆ ಒಬ್ಬ ಅಜ್ಜಿ.

"ಅಲ್ಲಮ್ಮಾ, ಚಾಪೆ ತನ್ನಿ ಅಂತ ಬರೆದಿದ್ದೀರಲ್ಲ, ದೊಡ್ಡದು ತರಬೇಕೋ ಚಿಕ್ಕದೋ? ನಂಗೆ ಮೂರು ಮೊಮ್ಮಕ್ಕಳು."

"ಯಾವ ಕಾರ್ಯಕ್ರಮಕ್ಕಮ್ಮಾ?"

"ಅದೇ, ಗೊಣಗಣ್ಣಂದು. ಇವತ್ತು ನಾಲ್ಕು ಗಂಟೆಗೆ."

ಯಾವುದಾದರೂ ನಡೆಯುತ್ತೆ ಎಂದು ಹೇಳಿ ಫೋನಿಟ್ಟೆ. ಆಮೇಲೆ ಗುರುವಾರದ ಪತ್ರಿಕೆ ಹುಡುಕಿ ಕೊನೆಯ ಪುಟ ಬಿಡಿಸಿದೆ. ಗೊಣಗಣ್ಣನ ಕಾರ್ಯಕ್ರಮ ಮಕ್ಕಳ ಪಟ್ಟಿಯಲ್ಲಿ ಅಚ್ಚಾಗಿತ್ತು.

ಗೊಣಗಣ್ಣ ನನ್ನ ಮೈದುನ. ಮನೆಯಲ್ಲಿ ಅವನಿಗೆ ಬೇರೆ ಹೆಸರಿದೆ, ಮೈಕು ಹಿಡಿದ ಆರು ವರ್ಷದಿಂದ ಊರಿಗೆಲ್ಲ ಗೊಣಗಣ್ಣನೇ. ಹಗಲು ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಸಂಜೆ ಇನ್ಯಾರದೋ ಕಾರ್ಯಕ್ರಮದ ನಡುವೆ ಐದು ನಿಮಿಷ, ಹತ್ತು ನಿಮಿಷ ಜನರನ್ನು ನಗಿಸುತ್ತಾನೆ. ಇವತ್ತು ಮೊದಲ ಸಲ ಪೂರ್ತಿ ಒಂದು ಗಂಟೆ ಅವನೊಬ್ಬನದೇ. ಆ ಗಂಟೆಯ ತುಂಬ ಅವನ ಮದುವೆ, ಅದು ಮುರಿದುಬಿದ್ದ ಬಗೆ, ವಕೀಲರ ಕಚೇರಿ, ಅರ್ಧ ಖಾಲಿಯಾದ ಮಂಚ. ಮಕ್ಕಳ ಕಿವಿಗೆ ಹಾಕುವಂಥ ಒಂದು ಮಾತೂ ಇಲ್ಲವೆಂದು ಅವನೇ ಹೇಳಿದ್ದ.

ಆ ಕೊನೆಯ ಪುಟ ನನ್ನ ಜವಾಬ್ದಾರಿ. ವಾರಾಂತ್ಯಕ್ಕೆ ಊರಲ್ಲಿ ಏನೇನು ಎಂಬ ಪಟ್ಟಿ. ಮೂರು ಚೌಕ: ಸಂಗೀತ, ಹಾಸ್ಯ, ಮನೆಮಂದಿಗೆಲ್ಲ. ಪ್ರತಿ ವಾರ ಹೊಸದಾಗಿ ಪುಟ ಕಟ್ಟುವ ಪುರುಸೊತ್ತು ಯಾರಿಗಿದೆ? ಹಿಂದಿನ ವಾರದ ಪುಟ ತೆರೆದು ಅದರ ಮೇಲೆಯೇ ಟೈಪು ಮಾಡುತ್ತಾ ಹೋಗುತ್ತೇನೆ. ಈ ವಾರ ಹಾಸ್ಯದ ಚೌಕದಲ್ಲಿ ಆಗಲೇ ನಾಲ್ಕಿದ್ದವು. ಮೈದುನನದನ್ನು ಮೇಲಿಟ್ಟರೆ ಪಕ್ಕದ ಮೇಜಿನ ಕ್ರೀಡಾ ವರದಿಗಾರ "ಮನೆಯವರಿಗೆ ಮೊದಲ ಪಂಕ್ತಿ" ಎಂದು ಆಡಿಕೊಳ್ಳುತ್ತಾನೆ. ಕೆಳಗಿಟ್ಟರೆ ಮೈದುನ ವಾರವಿಡೀ ಮುಖ ಊದಿಸಿಕೊಳ್ಳುತ್ತಾನೆ. ಎಲ್ಲಿಡಬೇಕೆಂದು ತೀರ್ಮಾನವಾಗುವವರೆಗೆ ಇರಲಿ ಎಂದುಕೊಂಡು, ಗೊಂಬೆಯಾಟದವರು ರದ್ದು ಮಾಡಿ ತೆರವಾಗಿದ್ದ ಪಕ್ಕದ "ಮನೆಮಂದಿಗೆಲ್ಲ" ಚೌಕದ ಜಾಗದಲ್ಲಿ ಅದನ್ನು ಟೈಪು ಮಾಡಿಟ್ಟೆ. ಅಷ್ಟರಲ್ಲಿ ಶಾಲೆಯಿಂದ ಫೋನು ಬಂತು, ಮಗಳಿಗೆ ಜ್ವರ. ಇದ್ದ ಹಾಗೆಯೇ ಎದ್ದು ಓಡಿದೆ. ಪುಟವೂ ಇದ್ದ ಹಾಗೆಯೇ ಅಚ್ಚಿಗೆ ಹೋಯಿತು. ಗೊಂಬೆಯಾಟದ ಬಾಲ ಅಂಟಿಕೊಂಡೇ ಇತ್ತು: "ಐದು ವರ್ಷ ದಾಟಿದ ಎಲ್ಲ ಮಕ್ಕಳಿಗೆ. ಚಾಪೆ ನೀವೇ ತನ್ನಿ."

ಗುರುವಾರ, ಶುಕ್ರವಾರ ನಾನು ಮಗಳ ಹಾಸಿಗೆ ಬಿಟ್ಟು ಏಳಲಿಲ್ಲ, ಪತ್ರಿಕೆ ಕಣ್ಣಿಗೆ ಬೀಳಲಿಲ್ಲ. ಮೈದುನನಂತೂ ಕಾರ್ಯಕ್ರಮ ಮುಗಿಯುವವರೆಗೆ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುವುದಿಲ್ಲ. ಅದು ಅವನ ನೇಮ.

ಹನ್ನೊಂದಕ್ಕೆ ಅವನೇ ಫೋನು ಮಾಡಿದ.

"ಅತ್ತಿಗೆ! ಎಪ್ಪತ್ತಾರು!"

"ಏನು ಎಪ್ಪತ್ತಾರು?"

"ಫೋನಲ್ಲಿ ಜಾಗ ಕಾದಿರಿಸಿದವರು! ಈಗಷ್ಟೇ ಸಭಾಂಗಣದ ಮ್ಯಾನೇಜರ್ ಹೇಳಿದ್ರು. ನನ್ನ ಮದುವೆಗೇ ಅಷ್ಟು ಜನ ಬಂದಿರ್ಲಿಲ್ಲ ಅತ್ತಿಗೆ. ಮುರಿದಿದ್ದಕ್ಕೆ ಬರ್ತಿದ್ದಾರೆ ನೋಡಿ!"

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅವನು ಆಗಲೇ ಯಾರಿಗೋ "ಎಪ್ಪತ್ತಾರು, ಎಪ್ಪತ್ತಾರು" ಎನ್ನುತ್ತಾ ಫೋನಿಟ್ಟುಬಿಟ್ಟ.

ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ನೀರು ಕುಡಿದು ಬಂದೆ. ಒಂದು ಸಂಗೀತ ಕಛೇರಿಯ ಸುದ್ದಿ ತಿದ್ದಲು ತೆಗೆದು, ಒಂದೇ ಸಾಲನ್ನು ಐದು ಸಲ ಓದಿ ಮುಚ್ಚಿದೆ. ಬರೀ ಒಂದು ಮಧ್ಯಾಹ್ನದ ಮಾತಾಗಿದ್ದರೆ ಇಷ್ಟು ಕಸಿವಿಸಿಯಾಗುತ್ತಿರಲಿಲ್ಲ. ನನ್ನ ಗಂಡ ಬಸ್ ಚಾಲಕ. ಅವರ ಡಿಪೋದಲ್ಲಿ ಸ್ಟೋರಿನ ಕೆಲಸ ಖಾಲಿಯಿದೆ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು, ಖಾಯಂ. ಮೈದುನ ಅಲ್ಲಿ ಸೇರಿದರೆ ಸಂಜೆಗಳೆಲ್ಲ ಹೋದವು, ಮೈಕೂ ಹೋಯಿತು. "ಶನಿವಾರದ್ದು ಗೆಲ್ಲದಿದ್ರೆ ಸೋಮವಾರ ಅರ್ಜಿಗೆ ಸಹಿ ಹಾಕ್ತೀನಿ ಅಣ್ಣಾ, ಆಮೇಲೆ ಈ ಹುಚ್ಚಿನ ಮಾತೇ ಎತ್ತಲ್ಲ" ಎಂದು ಮೈದುನ ಮಾತು ಕೊಟ್ಟಿದ್ದ.

ಊಟದ ಬಿಡುವಿನಲ್ಲಿ ಗಂಡನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಈಗ ಏನ್ಮಾಡ್ಲಿ?"

"ಹೇಳ್ಬಿಡು."

"ನೀವೇ ಹೇಳ್ರೀ. ನಿಮ್ಮ ತಮ್ಮ."

"ತಪ್ಪು ಮಾಡಿದ್ದು ನೀನು, ಬೈಸ್ಕೊಳ್ಳೋದು ನಾನಾ?" ಆ ಕಡೆ ಬಸ್ಸಿನ ಇಂಜಿನ್ ಗುರುಗುಟ್ಟುತ್ತಿತ್ತು. "ನೋಡು, ಒಂದು ರೀತೀಲಿ ಒಳ್ಳೇದೇ ಆಯ್ತು. ಇವತ್ತು ಮುಗ್ಗರಿಸಿದ್ರೆ ಸೋಮವಾರ ತೆಪ್ಪಗೆ ಸಹಿ ಹಾಕ್ತಾನೆ."

"ಆಮೇಲೆ ಜೀವನ ಪೂರ್ತಿ ನಮ್ಮತ್ತಿಗೆ ಮುಳುಗಿಸಿದ್ರು ಅಂತಾನೆ."

"ಅನ್ಲಿ ಬಿಡು. ಸಂಬಳ ಬರುತ್ತಲ್ಲ."

ನಾನು ಫೋನು ಕುಕ್ಕಿದೆ.

ಮೂರು ಗಂಟೆಗೆ ಮಗಳನ್ನು ಕರೆದುಕೊಂಡು ಹೊರಟೆ. ಜ್ವರ ಬಿಟ್ಟಿತ್ತು, ಬೆಳಿಗ್ಗೆಯಿಂದ ನೋಡಿಕೊಂಡಿದ್ದ ಪಕ್ಕದ ಮನೆಯವರು ಎಲ್ಲಿಗೋ ಹೊರಟಿದ್ದರು, ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಸಭಾಂಗಣವೆಂದರೆ ಹಿಂದೆ ಕಾಗದದ ಗೋದಾಮಾಗಿದ್ದ ಕಟ್ಟಡದ ಮೇಲಿನ ಮಹಡಿ. ಕೆಳಗೆ ಹಾಡಿನ ತರಗತಿ. ಒಂದೇ ಸಾಲನ್ನು ಹತ್ತು ಗಂಟಲುಗಳು ಹತ್ತು ಕಡೆಗೆ ಎಳೆಯುತ್ತಿದ್ದವು. ಮೆಟ್ಟಿಲ ಮೇಲೆ ಆಗಲೇ ಜನ. ಎಲ್ಲರ ಕಂಕುಳಲ್ಲೂ ಸುರುಳಿ ಸುತ್ತಿದ ಚಾಪೆ. ಒಬ್ಬಳು ಪುಟ್ಟ ಹುಡುಗಿ ಬಣ್ಣದ ಮೂಗು ಹಾಕಿಕೊಂಡು ಬಂದಿದ್ದಳು.

ಮೈದುನ ಪರದೆಯ ಹಿಂದೆ ಎಂಟು ಹೆಜ್ಜೆ ಆ ಕಡೆ, ಎಂಟು ಹೆಜ್ಜೆ ಈ ಕಡೆ ನಡೆಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ. ಬೆರಳ ಸಂದಿಯಲ್ಲಿ ಯಂತ್ರದ ಎಣ್ಣೆಯ ಕಪ್ಪು ಹೋಗಿರಲಿಲ್ಲ.

"ಬಂದ್ರಾ? ಜನ ನೋಡಿದ್ರಾ? ಮಕ್ಕಳದೇ ಸದ್ದು ಜಾಸ್ತಿ ಇದೆಯಲ್ಲ, ಕೆಳಗಿನ ಕ್ಲಾಸಿನವಾ?"

ಹೇಳಿದೆ. ಚೌಕ, ಗೊಂಬೆಯಾಟ, ಬಾಲ, ಚಾಪೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಅವನು ನಡಿಗೆ ನಿಲ್ಲಿಸಿದ.

"ಬೆಳಿಗ್ಗೆ ನಾನು ಎಪ್ಪತ್ತಾರು ಅಂತ ಕುಣಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕುಣೀಲಿ ಅಂತ ಬಿಟ್ರಿ."

"ಬಾಯಿ ಬರಲಿಲ್ಲ ಕಣೋ."

"ಸರಿಯಾದ ಕಡೆ ಹಾಕಿದ್ರೆ ಎಷ್ಟು ಜನ ಬರ್ತಿದ್ರು? ನಿಜ ಹೇಳಿ."

"ಹದಿನೈದು. ನನ್ನನ್ನೂ ಸೇರಿಸಿ."

"ನಿಮ್ಮನ್ನ ಬಿಟ್ಟು ಹೇಳಿ."

ಅದನ್ನು ಬಿಟ್ಟು, ಹೇಳಬಾರದ್ದನ್ನು ಹೇಳಿದೆ. "ಇವತ್ತೊಂದಿನ ಮಕ್ಕಳಿಗೆ ಹಿಡಿಸೋ ಹಾಗೆ ಏನಾದ್ರೂ ಹೇಳ್ಬಿಡು. ನಮ್ಮನೇಲಿ ಇವಳಿಗೆ ಮಾಡಿ ತೋರಿಸ್ತೀಯಲ್ಲ, ಸೂಜಿ ಮುರಿದ ಯಂತ್ರ ಕೆಮ್ಮೋದು…"

"ಅತ್ತಿಗೆ, ಒಂದು ವರ್ಷ ಕೂತು ಕಟ್ಟಿದ್ದೀನಿ. ಇವತ್ತು ಇದನ್ನೇ ಹೇಳ್ದೆ ಇದ್ರೆ, ಇದು ನಿಲ್ಲುತ್ತೋ ಬೀಳುತ್ತೋ ಅಂತ ನಂಗೆ ಗೊತ್ತಾಗೋದು ಯಾವಾಗ? ಸೋಮವಾರ ಆದ್ಮೇಲಾ?"

ನಾಲ್ಕಕ್ಕೆ ಸರಿಯಾಗಿ ಅವನು ವೇದಿಕೆಗೆ ಹೋದ. ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ಕುರ್ಚಿಗಳನ್ನು ಸರಿಸಿ ಚಾಪೆ ಹಾಸಿಯಾಗಿತ್ತು.

"ಎಲ್ಲರಿಗೂ ನಮಸ್ಕಾರ. ಪತ್ರಿಕೆಯಲ್ಲಿ ಒಂದು ತಪ್ಪಾಗಿದೆ. ಮಾಡಿದವರು ನಮ್ಮತ್ತಿಗೆ. ಅಗೋ, ಕಂಬದ ಹಿಂದೆ ಅವಿತ್ಕೊಂಡಿದ್ದಾರೆ, ನೋಡ್ಕೊಳ್ಳಿ."

ಅಷ್ಟೂ ತಲೆಗಳು ತಿರುಗಿದವು. ಕಂಬ ನನಗೆ ಸಾಲಲಿಲ್ಲ.

"ಇಲ್ಲಿ ಗೊಂಬೆ ಇಲ್ಲ. ಇದ್ದ ಒಂದು ಗೊಂಬೆ ನಾನೇ, ಅದರ ದಾರಾನ ಕೋರ್ಟಲ್ಲಿ ಕತ್ತರಿಸಿಬಿಟ್ರು. ನಾನು ಹೇಳೋದು ಡೈವೋರ್ಸ್ ಕತೆ, ದೊಡ್ಡವರಿಗೆ. ಐದು ನಿಮಿಷ ಕಾಯ್ತೀನಿ. ಹೋಗೋರು ಹೋಗಿ, ಬೇಜಾರಿಲ್ಲ. ಇರೋರು ಮಕ್ಕಳನ್ನ ಹೊರಗೆ ಅತ್ತಿಗೆ ಹತ್ರ ಬಿಡಿ. ಎಷ್ಟಿದ್ರೂ ನೋಡ್ಕೋತಾರೆ."

ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೇಳುವ ಹಂತವನ್ನು ನಾನೇ ದಾಟಿಸಿದ್ದೆ.

ಗೊಣಗಾಟ ಎದ್ದಿತು. "ಎರಡು ಬಸ್ ಬದಲಾಯಿಸಿ ಬಂದಿದ್ದೀವಿ ರೀ, ತಮಾಷೆನಾ ಇದು?" ಎಂದು ಒಬ್ಬರು ನನ್ನ ಮುಖಕ್ಕೇ ಹೇಳಿದರು. ಕೈ ಜೋಡಿಸಿದೆ. ಬಣ್ಣದ ಮೂಗಿನ ಹುಡುಗಿ ಅಳುತ್ತಾ ಮೆಟ್ಟಿಲಿಳಿದಳು. ಚಾಪೆಗಳು ಸುರುಳಿಯಾಗಿ ಒಂದೊಂದೇ ಹೊರಟವು. ಉಳಿಯುವವರಲ್ಲಿ ಮೊದಲು ಬೆಳಿಗ್ಗೆಯ ಅಜ್ಜಿ ಮೂರು ಮೊಮ್ಮಕ್ಕಳನ್ನು ನನ್ನ ಕೈಗೆ ದಾಟಿಸಿದರು.

"ಚಿಕ್ಕವನಿಗೆ ಆಗಾಗ ಬಚ್ಚಲಿಗೆ ಹೋಗಬೇಕು. ಕೇಳ್ತಾ ಇರು."

"ನೀವು ಒಳಗಿರ್ತೀರಾ ಅಜ್ಜಿ? ಅದು ಸ್ವಲ್ಪ…"

"ನಲವತ್ತೆಂಟು ವರ್ಷ ಸಂಸಾರ ಮಾಡಿದ್ದೀನಿ. ಬಿಟ್ಟಿದ್ರೆ ಹೇಗಿರ್ತಿತ್ತು ಅಂತ ನಾನೂ ತಿಳ್ಕೋಬೇಡ್ವಾ?"

ಒಳಗೆ ಇಪ್ಪತ್ತೆಂಟು ಜನ ಉಳಿದರು. ಹೊರಗಿನ ಪಡಸಾಲೆಯಲ್ಲಿ ಹದಿನೇಳು ಮಕ್ಕಳು, ನನ್ನವಳೂ ಸೇರಿ. ಬಾಗಿಲು ಮುಚ್ಚಿತು.

ಮ್ಯಾನೇಜರ್ ತಮ್ಮ ಕಪಾಟಿನಿಂದ ಹಳೆಯ ಭಿತ್ತಿಪತ್ರಗಳ ಕಟ್ಟು ಕೊಟ್ಟು, "ಗೋಡೆ ಮೇಲೆ ಗೀಚಿಸಬೇಡಿ" ಎಂದಷ್ಟೇ ಹೇಳಿ ಮಾಯವಾದರು. ಪತ್ರಗಳನ್ನು ಬೋರಲು ಹಾಕಿದೆ. ನನ್ನ ಚೀಲದಲ್ಲಿದ್ದದ್ದು ಮೂರು ಪೆನ್ನು, ಒಂದು ಪೆನ್ಸಿಲು. ಹದಿನೇಳು ಜನಕ್ಕೆ ನಾಲ್ಕು. ಎರಡೇ ನಿಮಿಷದಲ್ಲಿ ಒಬ್ಬ ಇನ್ನೊಬ್ಬನ ಕೆನ್ನೆಯ ಮೇಲೆ ಮೀಸೆ ಬರೆದ. ಮಗಳು ಕಾಗದ ಹರಿದು ಟೋಪಿ ಮಡಚಲು ಹೇಳಿಕೊಡತೊಡಗಿದಳು. ನಾನು ಒಂದು ಕಿವಿಯನ್ನು ಬಾಗಿಲಿಗೆ ಕೊಟ್ಟು ನಿಂತೆ.

ಮಾತು ಕೇಳಿಸದು, ಅವನ ದನಿಯ ಏರಿಳಿತವಷ್ಟೇ. ಮೊದಲು ಚೂರು ನಗು. ಮತ್ತೆ ಚೂರು. ಆಮೇಲೆ ಒಂದು ದೊಡ್ಡ ನಗು, ಬಾಗಿಲು ಅದುರುವಂಥದ್ದು.

"ಆಂಟಿ, ಇವನು ನನ್ನ ಟೋಪಿ ತಿಂದ!"

"ಉಗಿಯೋ! ಉಗಿ ಮೊದಲು!"

ತಿರುಗಿ ಕಿವಿ ಕೊಡುವಷ್ಟರಲ್ಲಿ ಒಳಗೆ ಸದ್ದಿಲ್ಲ. ಅವನು ಮಾತಾಡುತ್ತಿದ್ದ, ಯಾರೂ ನಗುತ್ತಿರಲಿಲ್ಲ. ಒಂದು ನಿಮಿಷ. ಎರಡು. ಕೆಳಗಿನ ಹಾಡಿನವರೂ ನಿಲ್ಲಿಸಿಬಿಟ್ಟಿದ್ದರು. ಐದು ನಿಮಿಷವಾಗಿರಬೇಕು. ಯಾರೋ ಕೆಮ್ಮಿದರು. ನಾನು ಬಾಗಿಲಿನ ಹಿಡಿಕೆ ಒತ್ತಿ ಬೆರಳಷ್ಟು ಸಂದು ಮಾಡಿದೆ. ಅವನ ಅಂಗಿ ಪೂರ್ತಿ ಒದ್ದೆ. ಮೈಕಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಏನೋ ಹೇಳಲು ಹೊರಟಿದ್ದ.

ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ಅಜ್ಜಿಯ ಚಿಕ್ಕವನು. ಮೊಣಕಾಲು ಕೂಡಿಸಿಕೊಂಡು ನಿಂತಿದ್ದ.

"ಈಗಲೇನಾ?"

"ಈಗಲೇ."

ಬಚ್ಚಲು ಪಡಸಾಲೆಯ ಆ ತುದಿಯಲ್ಲಿ. ಅವನ ಚಡ್ಡಿಯ ಗುಂಡಿ ಬಿಚ್ಚಿ, ಮತ್ತೆ ಹಾಕಿ, ಕೈ ತೊಳೆಸಿ ಓಡಿ ಬರುವಷ್ಟರಲ್ಲಿ ಒಳಗೆ ಮತ್ತೆ ನಗು ಶುರುವಾಗಿತ್ತು. ಯಾವುದಕ್ಕೆಂದು ಗೊತ್ತಾಗಲಿಲ್ಲ. ನಡುವೆ ಏನಾಯಿತೆಂದೂ ಗೊತ್ತಾಗಲಿಲ್ಲ.

ಐದು ದಾಟಿ ನಾಲ್ಕು ನಿಮಿಷಕ್ಕೆ ಚಪ್ಪಾಳೆ. ಜೋರೂ ಅಲ್ಲ, ಕಾಟಾಚಾರದ್ದೂ ಅಲ್ಲ. ಹೊರಬಂದ ಒಬ್ಬ ಗಂಡಸು ಹೆಂಡತಿಗೆ "ಅಂಥಾದ್ದೇನಿಲ್ಲ ಬಿಡೇ" ಎಂದರು. ಆಕೆ ಕಣ್ಣೊರೆಸಿಕೊಂಡರು. ಅಜ್ಜಿ ಮೊಮ್ಮಕ್ಕಳ ತಲೆ ಎಣಿಸಿಕೊಂಡು, "ನಗಿಸ್ತೀನಿ ಅಂತ ಕೂರಿಸಿ ಮಧ್ಯದಲ್ಲಿ ಅಳಿಸಿಬಿಟ್ಟ, ಕಳ್ಳ" ಎಂದು ಮೆಟ್ಟಿಲಿಳಿದರು. ಅದು ಬೈಗುಳವೋ ಹೊಗಳಿಕೆಯೋ ಕೇಳೋಣವೆಂದರೆ ಹೋಗೇಬಿಟ್ಟರು.

ಒಳಗೆ ಮೈದುನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ನನ್ನ ಕಡೆ ನೋಡಲಿಲ್ಲ. ನಾನೂ ಕುರ್ಚಿ ಎತ್ತತೊಡಗಿದೆ. ನನ್ನ ಫೋನು ಬಡಿದುಕೊಂಡಿತು. ಗಂಡ.

"ಏನಾಯ್ತೇ?"

"ನಂಗೊತ್ತಿಲ್ಲ. ಅವನನ್ನೇ ಕೇಳಿ." ಫೋನು ಚಾಚಿದೆ.

ಅವನು ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕುರ್ಚಿ ಎತ್ತುತ್ತಲೇ ಮಾತಾಡಿದ.

"ಹೂಂ ಅಣ್ಣ… ಇಲ್ಲ, ನಡುವೆ ಎಂಟು ನಿಮಿಷ ಸತ್ತೇಹೋಯ್ತು. ವಕೀಲರ ಕಚೇರಿದು. ಒಬ್ಬರೂ ನಗಲಿಲ್ಲ… ಹೌದು, ನಂಗೂ ಎದ್ದು ಓಡಿಹೋಗೋಣ ಅನ್ನಿಸ್ತು… ಅಲ್ಲ, ಕೇಳಿಲ್ಲಿ, ಅದು ಕೆಟ್ಟದಾಗಿಲ್ಲ. ತಪ್ಪು ಜಾಗದಲ್ಲಿದೆ. ಅದನ್ನ ಕೊನೆಗೆ ತರಬೇಕು. ಮಂಚದ್ದನ್ನ ಮುಂದಕ್ಕೆ ಹಾಕಿದ್ರೆ… ಸೋಮವಾರವಾ? ಸೋಮವಾರ ಆಗಲ್ಲಣ್ಣ. ಸೋಮವಾರ ಕೂತು ಬರೀಬೇಕು."

ಆ ಕಡೆಯಿಂದ ಗಂಡನ ದನಿ ಏರಿತು. ಮೈದುನ ಪೂರ್ತಿ ಕೇಳಿಸಿಕೊಂಡ. "ಗೊತ್ತು, ಮಾತು ಕೊಟ್ಟಿದ್ದೆ. ಬೈಯಿ. ಮನೆಗೆ ಬಂದ್ಮೇಲೂ ಬೈಯಿ. ಅರ್ಜಿ ಮಾತ್ರ ವಾಪಸ್ ಕೊಟ್ಬಿಡು." ಫೋನನ್ನು ನನ್ನ ಕೈಗಿಟ್ಟ.

ಇಬ್ಬರೂ ಉಳಿದ ಕುರ್ಚಿಗಳನ್ನು ಗೋಡೆಯ ಪಕ್ಕಕ್ಕೆ ಹೊತ್ತೆವು. ನನಗೆ ತಡೆಯಲಾಗಲಿಲ್ಲ.

"ವಕೀಲರ ಕಚೇರಿದು ಏನೋ ಅದು?"

"ಹೇಳಲ್ಲ. ಬಂದು ಕೇಳಿ."

"ಯಾವಾಗ?"

"ಗೊತ್ತಾದಾಗ ಪತ್ರಿಕೆಗೆ ತಿಳಿಸ್ತೀನಿ. ನಿಮ್ಮ ಪತ್ರಿಕೆಗಲ್ಲ."

ವೇದಿಕೆಯ ಮುಂದೆ ಉದ್ದನೆಯ ಬೆಂಚೊಂದು ಉಳಿದಿತ್ತು, ಕೆಳಗಿನ ಹಾಡಿನ ತರಗತಿಯದು. ಅವನು ಒಂದು ತುದಿ ಎತ್ತಿ ನನ್ನತ್ತ ಗದ್ದ ತಿರುಗಿಸಿದ. ನಾನು ಇನ್ನೊಂದು ತುದಿ ಹಿಡಿದೆ. ಮೆಟ್ಟಿಲಲ್ಲಿ ನಾನು ಹಿಮ್ಮುಖ ಇಳಿಯಬೇಕಾಯಿತು.

"ನಿಧಾನ," ಎಂದ. ಇನ್ನೂ ಸಿಟ್ಟಿನಲ್ಲೇ ಇದ್ದ. "ಎಡಕ್ಕೆ. ಇನ್ನೊಂದು ಮೆಟ್ಟಿಲಿದೆ. ಅಷ್ಟು ಗಟ್ಟಿಯಾಗಿ ಹಿಡೀಬೇಡಿ, ಭಾರ ನನ್ನ ಕಡೆ ಬಿಡಿ."